ಪುಂಡಿ ಸಾಲಿನಲ್ಲಿ ಚಲುವರಾಜು ಮೇಷ್ಟ್ರು

೧೯೯೩ರ ಆಗಸ್ಟ್ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸಸ್ಯಶಾಸ್ತ್ರದ ಅಧ್ಯಾಪಕ ಚಲುವರಾಜು ಮೇಷ್ಟ್ರು ಕ್ಯಾತನಹಳ್ಳಿಯ ಕಬ್ಬಿನ ಗದ್ದೆಯ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಎಲೆಯ ಬುಡವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಬಿಸಿಲಿನಲ್ಲೂ ಮೈಮೇಲೆ ಅದೇ ಕಂದು ಕೋಟು. ಅದರ ಆಳವಾದ ಜೇಬುಗಳಲ್ಲಿ ದಾರಿಯುದ್ದಕ್ಕೂ ಕಿತ್ತ ಎಲೆಗಳು ಸದಾ ಒಣಗುತ್ತಿರುತ್ತಿದ್ದವು.

ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ನಾನು ಅವರ ಸಹೋದ್ಯೋಗಿ, ರಸಾಯನಶಾಸ್ತ್ರದವನು. ಯಾರಾದರೂ 'ಸುಮಾರು' ಎಂದರೆ ಸಾಕು, ಅವರು ನಿಂತುಬಿಡುತ್ತಿದ್ದರು. "ಸುಮಾರು ಅಂದ್ರೆ ಎಷ್ಟು?" ಬಸ್ಸಿನ ಕಂಡಕ್ಟರನ್ನೂ, ಜ್ವರ ನೋಡಿದ ಡಾಕ್ಟರನ್ನೂ ಹಾಗೆ ಕೇಳಿದ್ದುಂಟು.

ಆ ದಿನ ಅಬಕಾರಿ ಅಧಿಕಾರಿಯೊಬ್ಬರು ಜೀಪು ಕಳಿಸಿ ಅವರನ್ನು ಕರೆಸಿದ್ದರು. ಜೊತೆಗೆ ನಾನೂ ಹೋಗಿದ್ದೆ. "ಸುಮಾರು ನೂರು ಗಾಂಜಾ ಗಿಡ ಅಂತ ಬರ್ಕೊಡಿ ಸಾರ್, ಸಾಕು," ಎಂದರು ಅಧಿಕಾರಿ. ಕೇಂದ್ರದ ಮಾದಕವಸ್ತು ಕಾಯ್ದೆಗೆ ಆಗ ಎಂಟು ವರ್ಷ; ಒಂದೇ ಗಿಡ ಬೆಳೆದರೂ ಐದು ವರ್ಷದವರೆಗೆ ಜೈಲು. ಗದ್ದೆಯ ಯಜಮಾನ ದ್ಯಾವಯ್ಯ ಕೈಮುಗಿದು ನಿಂತಿದ್ದ. "ಅಗ್ಗ ಒಸಿಯೋಕೆ ಆಕಿರೋ ಪುಂಡಿ ಕಣ್ ಸಾ."

ಪುಂಡಿಯ ಎಲೆಯೂ ಗಾಂಜಾದಂತೆ ಬೆರಳು ಬಿಚ್ಚಿರುತ್ತದೆ. ಆದರೆ ಸೀಳು ಬುಡ ಮುಟ್ಟುವುದಿಲ್ಲ, ಕಾಂಡದಲ್ಲಿ ಸಣ್ಣ ಮುಳ್ಳು. "ಇದು ಪುಂಡಿ," ಎಂದರು ಮೇಷ್ಟ್ರು. ಅಧಿಕಾರಿ ಪೆಚ್ಚಾಗಿ ನಕ್ಕು ಹುಣಸೆಮರದ ನೆರಳಿಗೆ ಹೋದರು. ಮೇಷ್ಟ್ರು ಮಾತ್ರ ಏಳಲಿಲ್ಲ. ಒಂದು ಗಿಡ ನೋಡಿ ಇಡೀ ಸಾಲಿಗೆ ಸಹಿ ಹಾಕುವುದು ಅವರಿಂದಾಗದು. ಎರಡನೆಯದಕ್ಕೆ ಸರಿದರು, ಮೂರನೆಯದಕ್ಕೆ ಸರಿದರು.

"ಗೊತ್ತಾಯ್ತಲ್ಲ, ಎದ್ದು ಮಜ್ಜಿಗೆ ಕುಡೀರಿ ಸಾ. ಎಣ್ಣು ನೋಡೋಕ್ ಬಂದೋರಂಗೆ ಒಂದೊಂದ್ ಎಲೇನೂ ನೋಡ್ತಿದೀರಲ್ಲ!" ಎಂದು ದ್ಯಾವಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮ ನಕ್ಕಳು. ನಗು ಮುಖದಲ್ಲಿ ನಿಲ್ಲಲಿಲ್ಲ. ಮೇಷ್ಟ್ರು ಮುಂದೆ ಸರಿದಂತೆಲ್ಲ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಹೆಚ್ಚಾಯಿತು.

ಸಾಲಿನ ಕೊನೆಯ ಗಿಡದಲ್ಲಿ ಮೇಷ್ಟ್ರ ಕೈ ನಿಂತಿತು. ಮುಳ್ಳಿಲ್ಲದ ಕಾಂಡ, ಬುಡದವರೆಗೂ ಬಿಡಿಬಿಡಿಯಾದ ಎಲೆ.

"ಎತ್ತಿಗೆ ಒಟ್ಟೆ ಕೆಟ್ರೆ ಕೊಡಾಕೆ ಅಂತ ಒಂದೇ ಒಂದ್ ಮಡೀಕಂಡಿದ್ವು," ಪುಟ್ಟಲಕ್ಷ್ಮಮ್ಮ ಪಿಸುಗುಟ್ಟಿದಳು. "ಕಿತ್ತು ಜೇಬಿಗಾಕ್ಬುಡಿ ಸಾ. ಅವ್ರು ಇತ್ಲಾಗ್ ನೋಡ್ತಿಲ್ಲ."

ಕೋಟಿನ ಜೇಬು ಬಾಯಿ ತೆರೆದೇ ಇತ್ತು. ಮೇಷ್ಟ್ರು ಒಮ್ಮೆ ಜೇಬನ್ನು, ಒಮ್ಮೆ ಅವಳನ್ನು ನೋಡಿದರು. ಕಿತ್ತುಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು.

ದ್ಯಾವಯ್ಯ ನಾಲ್ಕು ತಿಂಗಳು ಜೈಲಿನಲ್ಲಿದ್ದು ಬಂದ. ಮೇಷ್ಟ್ರು ಆ ಕೋಟನ್ನು ಮತ್ತೆ ತೊಡಲಿಲ್ಲ. ಇಂಥವರ ಮಾತನ್ನು ನಂಬಿ ಬದುಕಿಕೊಂಡವರೇ ಅದೇ ಮಾತಿಗೆ ಹೆದರಬೇಕಾಗುತ್ತದೆ; ನೂರರ ಆರೋಪದಿಂದ ಒಬ್ಬನನ್ನು ಬಿಡಿಸಿದ ಕಣ್ಣು ಒಂದರ ಮುಂದೆ ಮುಚ್ಚಿಕೊಳ್ಳುವುದಿಲ್ಲ. ಅದರ ಭಾರವನ್ನು ಅವರು ಯಾರಿಗೂ ಹೇಳದೆ ಹೊರುತ್ತಾರೆ. ಅಂದು ಹುಣಸೆಮರದ ಕಡೆ ತಿರುಗಿ ಅವರು ಗಟ್ಟಿಯಾಗಿ ಹೇಳಿದ್ದು ಇಷ್ಟು: "ಪುಂಡಿ ನೂರ ಹದಿನೇಳು. ಗಾಂಜಾ ಒಂದು."