ಮೂರು ಸೆಂಟಿನ ಸತ್ಯ

ಹೊಗೆಗೂ ಹರಾಜುಂಟು ಎಂಬುದನ್ನು ಲೈಪ್‌ಜಿಗ್ ನಗರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಟನ್ ಇಂಗಾಲ ಉಗುಳುವ ಕಾರ್ಖಾನೆ ಒಂದು ಪರವಾನಗಿ ಕೊಳ್ಳಬೇಕು. ಹರಾಜಿನ ಕಟ್ಟೆ ಏರಲಾರದ ಸಣ್ಣವರ ಪರವಾಗಿ ಮಧ್ಯವರ್ತಿ ಬೆಲೆ ಕೂಗಬೇಕು. ಗುಂದುಲಾ ಪ್ರಾಸ್ಸೆ ಹನ್ನೊಂದು ವರ್ಷಗಳಿಂದ ಅಂಥದೊಂದು ಕಚೇರಿಯಲ್ಲಿ ಕೂಗುತ್ತಿದ್ದಳು. ಅದೂ ಬಾಯಿ ತೆರೆಯದೆ, ಕೀಲಿಮಣೆಯ ಮೇಲೆ.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹರಾಜಿನ ಬಾಗಿಲು ಮುಚ್ಚಿತು. ಮುಚ್ಚಿದ ಮರುನಿಮಿಷವೇ ಅವಳಿಗೆ ತನ್ನ ತಪ್ಪು ಕಂಡಿತು. ಸಕ್ಕರೆ ಕಾರ್ಖಾನೆಯ ಅರ್ಜಿಯನ್ನು ನಕಲು ಮಾಡಿ ಇಟ್ಟಿಗೆ ಕಾರ್ಖಾನೆಯ ದಾಮೆಯವರ ಅರ್ಜಿ ಸಿದ್ಧಪಡಿಸಿದ್ದಳು. ಹೆಸರು ಬದಲಿಸಿದ್ದಳು, ಪ್ರಮಾಣ ಬದಲಿಸಿದ್ದಳು, ಬೆಲೆ ಬದಲಿಸಲು ಮರೆತಿದ್ದಳು. ದಾಮೆ ಹೇಳಿದ್ದು ಅರವತ್ತೆಂಟು ಯೂರೊ, ಅದರ ಮೇಲೆ ಒಂದು ಸೆಂಟೂ ಇಲ್ಲ. ಹೋದದ್ದು ತೊಂಬತ್ತು. ಅದೂ ನಾಲ್ಕು ಸಾವಿರ ಪರವಾನಗಿಗೆ!

“ಹೆರ್ ಟ್ಸೋಬೆಲ್, ಕೆಟ್ಟೆ ನಾನು!” ಎಂದು ಯಜಮಾನನ ಮುಂದೆ ನಿಂತು ಎಲ್ಲವನ್ನೂ ಒದರಿದಳು.

ಆತ ಬಾಗಿಲು ಹಾಕಿದ. “ಮೆಲ್ಲಗೆ! ಗೆದ್ದೋರೆಲ್ಲ ಕೊಡೋದು ಒಂದೇ ದರ ತಾನೇ? ನೀವು ತೊಂಬತ್ತು ಅಂದ್ರೂ ಹರಾಜು ನಿಂತ ದರವೇ ಬೀಳೋದು. ಅರವತ್ತೆಂಟರೊಳಗೆ ನಿಂತ್ರೆ ಆ ಮನುಷ್ಯನಿಗೆ ಗೊತ್ತೇ ಆಗಲ್ಲ.”

“ಮೇಲೆ ಹೋದ್ರೆ?”

“ಮಿಕ್ಕಿದ್ದು ನಾವು ತುಂಬಿಕೊಡ್ಬೇಕು. ನೀವು ಮೇಜು ಖಾಲಿ ಮಾಡ್ಬೇಕು. ಫಲಿತಾಂಶ ಬರಲಿ, ಆಮೇಲೆ ಬಾಯಿ ಬಿಡಿ.”

ಗುಂದುಲಾಳ ಮೈ ಉರಿದುಹೋಯಿತು. ಫಲಿತಾಂಶ ನೋಡಿಕೊಂಡು ಹೇಳುವ ಸತ್ಯವೂ ಒಂದು ಸತ್ಯವೇ? ಅದು ಗಾಳಿ ಬಂದಾಗ ತೂರಿಕೊಳ್ಳುವ ಜಾಣತನ. ಕೆಲಸ ಹೋದರೆ ಹೋಗಲಿ ಎಂದು ಅಲ್ಲೇ, ಅವನ ಮೇಜಿನ ಫೋನನ್ನೇ ಎತ್ತಿ, ಅವನಿಗೂ ಕೇಳುವಂತೆ ಸ್ಪೀಕರ್ ಗುಂಡಿ ಒತ್ತಿ, ದಾಮೆಗೆ ಒಪ್ಪಿಸಿಬಿಟ್ಟಳು.

“ತೊಂಬತ್ತಾ?” ಆ ಕಡೆಯಿಂದ ದಾಮೆ ಗುಡುಗಿದರು. “ನಾನು ಸುಡೋದು ಇಟ್ಟಿಗೆ ಕಣ್ರೀ, ಚಿನ್ನದ ಗಟ್ಟಿ ಅಲ್ಲ!”

“ಬೈಯಿರಿ, ಹೆರ್ ದಾಮೆ. ಫೋನ್ ಮಾತ್ರ ಇಡ್ಬೇಡಿ, ಇನ್ನೇನು ದರ ಬರುತ್ತೆ.”

“ಇಡ್ತೀನಾ? ನನ್ನ ಮನೆ ಮುಳುಗೋದನ್ನ ನೋಡದೆ ಇಡ್ತೀನಾ?”

ಹೇಳಿಬಿಟ್ಟ ಹಗುರಕ್ಕೆ ಅವಳ ಕಾಲು ನೆಲ ಬಿಟ್ಟಂತಿತ್ತು. ಮೇಜಿನ ಮೇಲಿನ ಕಂಪ್ಯೂಟರ್ ಪರದೆಯಲ್ಲಿ ಹರಾಜಿನ ದರ ಮಿನುಗಿತು.

“ಅರವತ್ತೆಂಟು ಯೂರೊ... ಮೂರು ಸೆಂಟ್,” ಎಂದಳು.

ದಾಮೆ ನಿಧಾನವಾಗಿ ಕೇಳಿದರು: “ನಾನು ಹೇಳಿದ್ದನ್ನೇ ನೀವು ಹಾಕಿದ್ರೆ?”

“ಮೂರು ಸೆಂಟಿಗೆ ಸೋತಿರ್ತಿದ್ರಿ. ಒಂದು ಪರವಾನಗಿಯೂ ಸಿಗ್ತಿರಲಿಲ್ಲ.”

ಫೋನಿನಿಂದ ಒಂದು ಅಟ್ಟಹಾಸ ಹೊರಟಿತು. ಗುಂದುಲಾಳಿಗೂ ನಗು ಉಕ್ಕಿ ಕಣ್ಣಲ್ಲಿ ನೀರಾಡಿತು. ಸಮಯ ಕಾದಿದ್ದ ಟ್ಸೋಬೆಲ್ ಫೋನಿಗೆ ಬಾಗಿ, “ಇದು ನಮ್ಮ ಅನುಭವದ ಫಲ, ಹೆರ್ ದಾಮೆ! ದರ ಏರೋ ವಾಸನೆ ಹಿಡಿದೇ ನಾವು...” ಎನ್ನುತ್ತಿದ್ದಂತೆ ಅವಳ ನಗು ನಿಂತಿತು.

“ವಾಸನೆಯೂ ಇಲ್ಲ, ಅನುಭವವೂ ಇಲ್ಲ. ಬರೀ ಮರೆವು! ಮೇಲಿನ ಮೂರು ಸೆಂಟು ಒಟ್ಟು ನೂರಿಪ್ಪತ್ತು ಯೂರೊ. ಅದು ನಮ್ಮ ತಲೆ ಮೇಲೆ.”

“ಅಯ್ಯೋ, ಲಾಭ ಆಗಿರೋದು ನನಗೆ. ನಾನೇ ಕೊಡ್ತೀನಿ!”

“ಕೊಡಕೂಡದು.”

“ಕೊಟ್ಟೇ ಕೊಡ್ತೀನಿ!”

“ಲಾಭ ನಿಮ್ಮದೇ, ಇಟ್ಕೊಳ್ಳಿ. ತಪ್ಪು ನನ್ನದು, ಅದನ್ನ ನಾನು ಮಾರಲ್ಲ.”

ದಾಮೆ ಮತ್ತೆ ನಕ್ಕು ನಕ್ಕು ಕೆಮ್ಮಿದರು. “ಸೋತೆ ಕಣಮ್ಮ. ಹೆರ್ ಟ್ಸೋಬೆಲ್, ಕೇಳಿಸ್ತಾ ಇದೆಯಾ? ಇನ್ನು ಮುಂದೆ ನನ್ನ ಹರಾಜು ಈಕೆನೇ ಹಿಡೀಬೇಕು. ಇಲ್ಲಾಂದ್ರೆ ನಾನು ಬೇರೆ ಕಚೇರಿ ನೋಡ್ಕೋತೀನಿ.”

ಹುಳಿದ್ರಾಕ್ಷಿ ತಿಂದವನ ಮುಖ ಮಾಡಿಕೊಂಡು ಟ್ಸೋಬೆಲ್, ಕಚೇರಿ ತುಂಬಬೇಕಾದ ನೂರಿಪ್ಪತ್ತು ಯೂರೊಗಳ ಖರ್ಚಿನ ಚೀಟಿಯನ್ನು ಅವಳತ್ತ ತಳ್ಳಿದ. ಗುಂದುಲಾ ಸಹಿ ಹಾಕಹೋದಳು. ನಗು ತಡೆಯಲಾಗದೆ, ಮೂರನೆಯ ಸಲಕ್ಕೆ ಹೆಸರು ಗೆರೆಯ ಮೇಲೆ ಕೂತಿತು.