ಬಾಲ ಮುರಿದ ಅಕ್ಷರ

"ಇಲ್ಲಿ ನೋಡಿ, ಮೇಲಿಂದ ನಾಲ್ಕನೇ ಸಾಲು. ಈಗ ಇಲ್ಲಿ, ಹನ್ನೊಂದನೇ ಸಾಲು. ಎರಡೂ ಕಡೆ ಒಂದೇ ಅಕ್ಷರ, ಬಾಲ ಒಂದೇ ಜಾಗದಲ್ಲಿ ಮುರಿದಿದೆ. ಕಂಡಿತಾ?"

ಮೇಷ್ಟ್ರು ಗೋಡೆಯ ಮೇಲೆ ಬೆಳಗುತ್ತಿದ್ದ ಪುಟಕ್ಕೆ ಕೋಲು ತಾಗಿಸಿದ್ದೇ ತಡ, ಮೊದಲ ಸಾಲಿನಲ್ಲಿ ಕೂತಿದ್ದ ಸ್ಕ್ಯಾನರಕ್ಕನಿಗೆ ಆ ಅಕ್ಷರದ ಗುರುತು ಸಿಕ್ಕಿತು. ಅವಳೇನು ವಿದ್ಯಾರ್ಥಿಯಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೇ ಅಚ್ಚಿನ ಪುಸ್ತಕಗಳನ್ನು ಕ್ಯಾಮೆರಾದ ಕೆಳಗಿಟ್ಟು ಪುಟ ತಿರುಗಿಸುವುದು ಒಂಬತ್ತು ವರ್ಷದಿಂದ ಅವಳ ಕೆಲಸ. ಆ ಹೆಸರು ಹುಡುಗರು ಇಟ್ಟದ್ದು. ಅಪ್ಪ ಅಮ್ಮ ಇಟ್ಟ ಹೆಸರು ವರ್ಷಕ್ಕೊಮ್ಮೆ ಗುತ್ತಿಗೆಯ ಕಾಗದದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಇವತ್ತು ಮೇಷ್ಟ್ರೇ ಮೆಟ್ಟಿಲಿಳಿದು ಬಂದು, "ಬನ್ನಿ ಅಕ್ಕ, ನೀವಿಲ್ಲದೆ ಈ ಪಾಠ ಇಲ್ಲ" ಎಂದು ಕರೆತಂದು ಮುಂದೆ ಕೂರಿಸಿದ್ದರು.

"ಆಗೆಲ್ಲ ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ," ಎಂದರು ಮೇಷ್ಟ್ರು. "ಕೈಯಲ್ಲಿ ಜೋಡಿಸಬೇಕು. ಬಾಲ ಮುರಿದ ಮೊಳೆ ಒಂದಿದ್ದರೆ ಅದು ಒಂದು ಪುಟದಲ್ಲಿ ಒಂದೇ ಕಡೆ ಇರೋಕೆ ಸಾಧ್ಯ. ಒಬ್ಬನೇ ಆಸಾಮಿ ಒಂದೇ ಹೊತ್ತಿಗೆ ಎರಡು ಮದುವೆ ಮನೆಯಲ್ಲಿ ಊಟಕ್ಕೆ ಕೂರೋಕಾಗುತ್ತಾ?"

ಹುಡುಗರು ನಕ್ಕರು. ಮೇಷ್ಟ್ರಿಗೆ ಇನ್ನಷ್ಟು ಹುರುಪು ಬಂತು. ಅಂದರೆ ಈ ಪುಸ್ತಕದ ಮುದ್ರಕ ಮುರಿದ ಮೊಳೆಯಿಂದಲೇ ಅಚ್ಚು ತೆಗೆದು ತನ್ನ ಅಂಗಡಿಯಲ್ಲೇ ಹೊಸ ಮೊಳೆ ಎರಕ ಹೊಯ್ದಿದ್ದಾನೆ. ಇಲ್ಲಿ ಮೊಳೆ ಎರಕ ಶುರುವಾಯಿತೆಂದು ಎಲ್ಲರೂ ಬರೆದಿರುವುದಕ್ಕಿಂತ ಮೂವತ್ತು ವರ್ಷ ಮೊದಲೇ! ಈ ಒಂದು ಪುಸ್ತಕದಲ್ಲಿ ಇಂಥ ಹದಿನಾಲ್ಕು ಜೋಡಿ ಸಿಕ್ಕಿವೆ. ಲೇಖನ ಅಚ್ಚಿಗೆ ಹೋಗಿದೆ. ಮುಂದಿನ ವಾರ ದೊಡ್ಡ ವಿದ್ವಾಂಸರ ಸಭೆಯಲ್ಲಿ ಓದುವುದಿದೆ.

ಹದಿನಾಲ್ಕು ಎಂದೊಡನೆ ಸ್ಕ್ಯಾನರಕ್ಕ ಬೆರಳು ಮಡಿಸಿ ಎಣಿಸಿದಳು. ಆ ಹದಿನಾಲ್ಕೂ ಅವಳಿಗೆ ಗೊತ್ತಿದ್ದವು. ಪ್ರತಿ ಜೋಡಿಯಲ್ಲೂ ಒಂದು ಅಕ್ಷರ ಮುದ್ರಕನದಾದರೆ ಇನ್ನೊಂದು ಅವಳದು.

ನಾಲ್ಕು ವರ್ಷದ ಹಿಂದೆ ಆ ಪುಸ್ತಕ ಅವಳ ಮೇಜಿಗೆ ಬಂದಾಗ ಹುಳ ಅದನ್ನು ಕೊರೆದುಹಾಕಿತ್ತು. ಕಲೆ ತೆಗೆಯಿರಿ, ಕಪ್ಪು ಅಂಚು ಕತ್ತರಿಸಿ, ಇಷ್ಟೇ ಆಗಿನ ಅಧಿಕಾರಿ ಹೇಳಿಕೊಟ್ಟದ್ದು. ತೂತು ಬಿದ್ದು ಅಕ್ಷರ ಹೋಗಿದ್ದ ಕಡೆ ಅವಳು ಕಂಪ್ಯೂಟರಿನಲ್ಲಿ ಅದೇ ಪುಟದಿಂದ, ಹತ್ತಿರದಲ್ಲಿ ಸಿಕ್ಕ ಅದೇ ಅಕ್ಷರವನ್ನು ಎತ್ತಿ ತಂದು ಕೂರಿಸಿದ್ದಳು. ಬಾಲ ಮುರಿದಿದೆಯೋ ನೆಟ್ಟಗಿದೆಯೋ ಯಾರು ನೋಡಿದರು! ಅವಳಪ್ಪ ದರ್ಜಿ. ಸುಟ್ಟ ಕೋಟಿಗೆ ರಫೂ ಹಾಕಿದರೆ ಕೋಟಿನ ಯಜಮಾನನೇ ತೂತು ಎಲ್ಲಿತ್ತೆಂದು ಹುಡುಕಬೇಕಿತ್ತು. ಮಗಳಿಗೂ ಅದೇ ಕೈ. ಅಧಿಕಾರಿ ನೋಡಿ, "ಅಬ್ಬಾ, ಹೊಸ ಪುಸ್ತಕದ ಹಾಗಿದೆಯಲ್ಲಮ್ಮ!" ಎಂದಿದ್ದರು. ಆ ದಿನ ಅವಳು ಹಿಗ್ಗಿ ಮನೆಗೆ ಹೋಗಿದ್ದಳು.

ಈಗ ಅವಳ ನೌಕರಿ ಕಾಯಂ ಮಾಡುವ ಕಡತ ಮೇಲಿನ ಕಚೇರಿಯಲ್ಲಿದೆ. ಅದರೊಳಗೆ ಮೇಷ್ಟ್ರೇ ಬರೆದ ಪತ್ರವಿದೆ: ಈಕೆ ಮಾಡಿದ ಪ್ರತಿಗಳನ್ನು ಮೂಲದಷ್ಟೇ ನಂಬಬಹುದು ಎಂದು. ಸೊಸೆಯ ಕೆಲಸ ಕಾಯಂ ಆಯಿತೆಂದು ಅತ್ತೆ ಆಗಲೇ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಾಗಿದೆ. ಸುಮ್ಮನಿದ್ದುಬಿಡೋಣ, ಯಾರಿಗೆ ಗೊತ್ತಾಗುತ್ತೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಡಿಜಿಟಲ್ ಪ್ರತಿ ಇರುವ ಪುಸ್ತಕದ ಮೂಲವನ್ನು ಯಾರಿಗೂ ಕೊಡುವುದಿಲ್ಲ, ಅದು ಗ್ರಂಥಾಲಯದ ನಿಯಮ.

"ಸಾರ್, ಒಂದು ಸಲ ಮೂಲ ಪುಸ್ತಕ ನೋಡಬಹುದಾ?" ಎಂದಳು ಕನ್ನಡಕದ ಹುಡುಗಿಯೊಬ್ಬಳು.

"ಶಭಾಷ್! ಕೇಳಿದರೆ ಹೀಗೆ ಕೇಳಬೇಕು," ಎಂದು ಮೇಷ್ಟ್ರು ಮೇಜು ಕುಟ್ಟಿದರು. "ನಿಮಗೋಸ್ಕರ ಅಂತಲೇ ಇವತ್ತು ಒಂದು ಗಂಟೆ ಕಾಲ ನೋಡೋಕೆ ಒಪ್ಪಿಗೆ ತಗೊಂಡಿದ್ದೀನಿ. ಅಕ್ಕ, ಹೋಗಿ ತಂದುಬಿಡಿ. ನಿಮ್ಮ ಕೈಯಲ್ಲಾದರೆ ನನಗೆ ಧೈರ್ಯ."

ಅವಳು ಹೇಗೆ ಎದ್ದಳೋ, ಹೇಗೆ ಮೆಟ್ಟಿಲಿಳಿದಳೋ. ನೆಲಮಾಳಿಗೆಯಲ್ಲಿ ಹಳೇ ಪುಸ್ತಕಗಳ ಬೀರು ಕಾಯುವ ಬೀಗದ ಮಾಮ ಕೀಲಿ ಗೊಂಚಲು ಆಡಿಸುತ್ತ, "ಏನಮ್ಮ, ಮುಖ ಬಿಳಿಚಿಕೊಂಡಿದೆ? ಕಾಯಂ ಆಗೋ ಮೊದಲೇ ಸಿಹಿ ಹಂಚಬೇಕಾಗುತ್ತೆ ಅಂತ ಭಯಾನಾ?" ಎಂದು ರೇಗಿಸಿ, ಪುಸ್ತಕ ತೆಗೆದುಕೊಟ್ಟು ಬಾಗಿಲ ಆಚೆ ಹೋದ. ಅವಳು ಮೇಜಿನ ಮೇಲೆ ಪುಟ ತೆರೆದಳು. ಹನ್ನೊಂದನೇ ಸಾಲಿನಲ್ಲಿ ಎಳ್ಳುಕಾಳಿನಷ್ಟು ತೂತು. ಅದರೊಳಗಿಂದ ಕೆಳಗಿನ ಪುಟ ಇಣುಕುತ್ತಿತ್ತು.

ಕಾಗದ ಹಪ್ಪಳದಂತಾಗಿತ್ತು. ಬೆರಳು ತಾಗಿದರೆ ಅಂಚು ಉದುರುತ್ತಿತ್ತು. ಕಲ್ಲಿನ ನೆಲಕ್ಕೆ ಒಮ್ಮೆ ಬಿದ್ದರೆ ಸಾಕು, ಪುಡಿಪುಡಿ. ಕೈ ಜಾರಿತು ಎಂದರೆ ಮುಗಿಯಿತು, ಬೈಯಬಹುದು, ಅಷ್ಟೇ. ಹಳೇ ಕಾಗದ, ಯಾರು ತಾನೇ ಅನುಮಾನ ಪಡುತ್ತಾರೆ? ಹೀಗೆ ಯೋಚಿಸುತ್ತಿರುವಾಗಲೇ ಪುಸ್ತಕ ಅರ್ಧ ಮೇಜಿನ ಆಚೆ ಬಂದಿತ್ತು. ತಳ್ಳಿದ್ದು ತನ್ನದೇ ಕೈ ಎಂದು ತಿಳಿದಾಗ ಅವಳು ಥಟ್ಟನೆ ಅದನ್ನು ಹಿಂದಕ್ಕೆಳೆದುಕೊಂಡಳು. ಮೇಷ್ಟ್ರಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಅವಳು ಆ ಕೈಗೆ ಹೆದರಿದಳು. ನ್ಯಾಯ ನೀತಿ ಅಂತೆಲ್ಲ ಏನೂ ಆಗ ಹೊಳೆಯಲಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಹಾಳೆ ಹರಿದವಳಲ್ಲ, ಬೀಳಿಸಲು ಆಗಲಿಲ್ಲ. ಪುಸ್ತಕವನ್ನು ಎದೆಗೆ ಅವುಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದಳು.

ತರಗತಿಯಲ್ಲಿ ಹುಡುಗರು ಮೇಜಿನ ಸುತ್ತ ಮುಗಿಬಿದ್ದಿದ್ದರು. ಮೇಷ್ಟ್ರು ಕನ್ನಡಕ ಒರೆಸಿ ರಟ್ಟಿಗೆ ಕೈ ಹಾಕಿದರು.

"ಸಾರ್, ತೆರೀಬೇಡಿ. ಮೊದಲು ನನ್ನ ಮಾತು ಕೇಳಿ," ಎಂದಳು. "ಆ ಹದಿನಾಲ್ಕು ಅಕ್ಷರ ನಾನು ಹಾಕಿದ್ದು. ಹುಳ ತಿಂದಿತ್ತು. ತೂತು ಕಾಣಬಾರದು ಅಂತ ಅದೇ ಪುಟದ ಅಕ್ಷರ ತೆಗೆದು ಕೂರಿಸಿದೆ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ತಟ್ಟನೆ ಬಾಯಿ ಮುಚ್ಚಿಕೊಂಡರು. ಮೇಷ್ಟ್ರೂ ತಮಾಷೆಯೆಂದುಕೊಂಡು ಮೊದಲು ನಕ್ಕರು. ಆಮೇಲೆ ಪುಟ ತೆರೆದು, ಅಡಿಗೆ ಒಂದು ಬಿಳಿ ಹಾಳೆ ಸರಿಸಿದರು; ಅಕ್ಷರವಿರಬೇಕಾದ ಕಡೆ ತೂತಿನಲ್ಲಿ ಬಿಳಿ ಕಂಡಿತು. ಇನ್ನೊಂದು ಪುಟ, ಮತ್ತೆ ಹಾಳೆ. ಐದನೆಯದಕ್ಕೆ ನಿಲ್ಲಿಸಿ ಕುರ್ಚಿಯಲ್ಲಿ ಕೂತುಬಿಟ್ಟರು.

"ಯಾರು ಹೇಳಿದ್ರು ಹೀಗೆ ಮಾಡೋಕೆ?"

"ಯಾರೂ ಹೇಳಲಿಲ್ಲ ಸಾರ್. ಚೆನ್ನಾಗಿ ಕಾಣಲಿ ಅಂತ ಮಾಡಿದೆ."

ಬೈಗುಳಕ್ಕೆ ಅವಳು ತಲೆ ಬಗ್ಗಿಸಿ ಸಿದ್ಧಳಾಗಿ ನಿಂತಳು. ಕಡತ ಹೋಯಿತು, ಕೆಲಸವೂ ಹೋಯಿತು, ಅತ್ತೆಗೆ ಏನು ಹೇಳುವುದು ಎಂದುಕೊಂಡಳು. ಮೇಷ್ಟ್ರು ಬೈಯಲಿಲ್ಲ. ಅವರ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಹತ್ತಿರ ನಿಂತವರಿಗಷ್ಟೇ ಕೇಳಿಸಿತು.

"ಅಕ್ಕ, ಇದೊಂದೇ ಪುಸ್ತಕಾನಾ?"

ಅಯ್ಯೋ, ಅದನ್ನವಳು ಯೋಚಿಸಿಯೇ ಇರಲಿಲ್ಲ! ಒಂಬತ್ತು ವರ್ಷ, ದಿನಕ್ಕೆ ಎರಡು ಪುಸ್ತಕ. ಸುತ್ತ ನಿಂತವರಲ್ಲಿ ಅವಳ ಪ್ರತಿಗಳಿಂದ ಪ್ರಬಂಧ ಬರೆಯದವರು ಯಾರೂ ಇರಲಿಲ್ಲ. ಕನ್ನಡಕದ ಹುಡುಗಿ ಓಡಿ ಹೋಗಿ ತನ್ನ ಲ್ಯಾಪ್‌ಟಾಪ್ ತೆರೆದು ಯಾವುದೋ ಪುಟವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು.

"ಇಲ್ಲ ಸಾರ್," ಎಂದಳು ಸ್ಕ್ಯಾನರಕ್ಕ.

ಮೇಷ್ಟ್ರು ಆ ಬಿಳಿ ಹಾಳೆಯನ್ನೂ ತಮ್ಮ ಪೆನ್ನನ್ನೂ ಅವಳ ಕಡೆ ಸರಿಸಿದರು. "ನೆನಪಿರೋದನ್ನ ಬರೀರಿ."

ಅವಳು ಕೂತು ಬರೆಯತೊಡಗಿದಳು. ಪುಸ್ತಕದ ಹೆಸರು, ಪುಟ, ಸಾಲು. ಎಲ್ಲವೂ ನೆನಪಿತ್ತು. ಒಂದು ಬದಿ ತುಂಬಿತು, ಅವಳು ಹಾಳೆ ತಿರುಗಿಸಿದಳು. ಮೇಷ್ಟ್ರು ಎದ್ದು ಬೀರು ತೆಗೆದು, ಇನ್ನೂ ಬಿಚ್ಚದ ಹಾಳೆಯ ಕಟ್ಟೊಂದನ್ನು ತಂದು ಅವಳ ಮೊಣಕೈ ಪಕ್ಕ ಇಟ್ಟರು.