ಆಚೆ ದಡದ ಬೀಗರು

ಮಗಳು ಮದುವೆಯ ಮಾತೆತ್ತಿದಾಗ ಟೈಲರಮ್ಮ ಯಾರದೋ ಕೋಟಿಗೆ ತೋಳು ಜೋಡಿಸುತ್ತಿದ್ದಳು. "ಹುಡುಗ ನಮ್ಮ ಆಸ್ಪತ್ರೇಲೇ ಎಕ್ಸ್‌ರೇ ತೆಗೀತಾನಮ್ಮ. ತುಂಬ ಒಳ್ಳೆಯವನು. ಅವರಪ್ಪನದು ಬೇಕರಿ" ಅನ್ನುವವರೆಗೂ ಹೊಲಿಗೆಯಂತ್ರ ಟಕಟಕ ಓಡುತ್ತಲೇ ಇತ್ತು.

"ಮನೆ ಎಲ್ಲಿ?"

"ಆಚೆ ದಡದಲ್ಲಿ."

ಯಂತ್ರ ನಿಂತಿತು.

ಆ ಊರನ್ನು ನದಿಯೊಂದು ನಡುವೆ ಸೀಳಿಕೊಂಡು ಹರಿಯುತ್ತಿತ್ತು. ಒಂದು ಕಾಲಕ್ಕೆ ಈಚೆ ದಡದವರು ಒಂದು ಸೈನ್ಯ, ಆಚೆ ದಡದವರು ಇನ್ನೊಂದು. ನಡುವಿನ ಸೇತುವೆಗಾಗಿ ಹೊಡೆದಾಡಿ, ಕೊನೆಗೆ ಸೇತುವೆಯೂ ಉಳಿಯಲಿಲ್ಲ, ಹುಡುಗರೂ ಉಳಿಯಲಿಲ್ಲ. ಆಮೇಲೆ ದೊಡ್ಡವರು ದೊಡ್ಡವರು ಎಲ್ಲೋ ಕೂತು ಕೈ ಕುಲುಕಿದರು. ಹೊಸ ಸೇತುವೆ ಬಂತು, ಬಸ್ಸುಗಳು ಓಡಿದವು. ಈಚೆಯವರು ಆಚೆಯ ಆಸ್ಪತ್ರೆಗೆ ಹೋದರು, ಆಚೆಯವರು ಈಚೆಯ ಮಾರುಕಟ್ಟೆಗೆ ಬಂದರು. ಮಗಳು ಆಸ್ಪತ್ರೆಯಲ್ಲಿ ನರ್ಸು, ದಿನಾ ದಾಟುತ್ತಿದ್ದಳು. ಟೈಲರಮ್ಮ ಮಾತ್ರ ಆ ಸೇತುವೆಗೆ ಕಾಲಿಟ್ಟವಳಲ್ಲ. ದಾರ ಮುಗಿದು, ಆ ಬಣ್ಣ ಆಚೆ ದಡದ ಅಂಗಡಿಯಲ್ಲಿ ಮಾತ್ರ ಸಿಗುತ್ತೆ ಅಂತಾದರೆ ಗಿರಾಕಿಗೆ ಬಟ್ಟೆಯನ್ನೇ ವಾಪಸ್ಸು ಕೊಟ್ಟುಬಿಡುತ್ತಿದ್ದಳು.

ಇದಕ್ಕೆಲ್ಲ ಕಾರಣ ಅವಳ ಮೈದುನ. ಅವಳು ಸೊಸೆಯಾಗಿ ಬಂದಾಗ ಅವನು ತಾಯಿ ಸತ್ತ ಪುಟ್ಟ ಹುಡುಗ, ಮೂಗು ಸುರಿಸಿಕೊಂಡು ಬಾಗಿಲ ಹಿಂದೆ ನಿಂತಿದ್ದ. ಒಂದು ಕಡೆ ನಿಲ್ಲದೆ ಓಡುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಚಿಗರೆ ಅಂತ ಕರೆಯುತ್ತಿದ್ದರು. ಅವನ ಮೂಗು ಒರೆಸಿದ್ದು, ಉಣ್ಣಿಸಿದ್ದು, ಮೀಸೆ ಮೂಡಿದಾಗ ಗೇಲಿ ಮಾಡಿದ್ದು ಎಲ್ಲ ಅವಳೇ. ಹೆಸರಿಗೆ ಮೈದುನ, ಲೆಕ್ಕಕ್ಕೆ ಚೊಚ್ಚಲ ಮಗ. ಯುದ್ಧ ಬಂದಾಗ ಗಂಡನನ್ನೂ ಅವನನ್ನೂ ಒಟ್ಟಿಗೇ ಕರೆದುಕೊಂಡು ಹೋದರು. ಗಂಡ ವಾಪಸ್ಸು ಬಂದ. ಚಿಗರೆಯದು ದೇಹವೂ ಬರಲಿಲ್ಲ. "ಕಾಣೆಯಾಗಿದ್ದಾನೆ" ಅಂದರು.

ಸತ್ತ ಅಂದಿದ್ದರೆ ಅತ್ತು ಹಗುರಾಗಬಹುದಿತ್ತು. ಕಾಣೆಯಾದವನಿಗೆ ಅಳುವುದು ಹೇಗೆ? ರಾತ್ರಿ ಬೀದಿಯಲ್ಲಿ ಯಾರಾದರೂ ಓಡಿದ ಸದ್ದಾದರೆ ಅವನೇ ಬಂದನೆಂದು ಅವಳಿಗೆ ಎಚ್ಚರವಾಗುತ್ತಿತ್ತು. ವರ್ಷಕ್ಕೊಮ್ಮೆ ಚೌಕದ ಕಲ್ಲುಕಂಬದ ಹತ್ತಿರ ಜನ ಸೇರಿ, ಹೂವಿಟ್ಟು, ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಟೈಲರಮ್ಮ ಹೋಗುತ್ತಿರಲಿಲ್ಲ. ಹೋಗಿ ನಿಂತರೆ ಅವನು ಸತ್ತ ಅಂತ ತಾನೇ ಒಪ್ಪಿಕೊಂಡ ಹಾಗಲ್ಲವೇ?

"ಪ್ರಪಂಚದಲ್ಲಿ ಬೇರೆ ಗಂಡೇ ಸಿಗಲಿಲ್ವಾ ನಿನಗೆ?" ಅಂದಳು ಮಗಳಿಗೆ.

ಗಂಡ ಬಡಗಿ. ಹಿತ್ತಲಿನಲ್ಲಿ ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದವನು ಮೈತುಂಬ ಮರದ ಹೊಟ್ಟು ಮೆತ್ತಿಕೊಂಡೇ ಒಳಗೆ ಬಂದ. "ಹುಡುಗ ಯುದ್ಧ ಮಾಡಿದ್ನೇನೇ? ಆಗಿನ್ನೂ ತೊಟ್ಟಿಲಲ್ಲಿದ್ದ" ಅಂದ.

"ಅವನಪ್ಪ ತೊಟ್ಟಿಲಲ್ಲಿರಲಿಲ್ಲವಲ್ಲ!"

"ನಾನೂ ಇರಲಿಲ್ಲ" ಅಂದು ಅವನು ಮತ್ತೆ ಹಿತ್ತಲಿಗೆ ಹೋದ. ಯುದ್ಧದ ವಿಷಯದಲ್ಲಿ ಆ ಗಂಡಸಿನ ಬಾಯಿಂದ ಇದಕ್ಕಿಂತ ಹೆಚ್ಚು ಮಾತು ಯಾವತ್ತೂ ಬಂದದ್ದಿಲ್ಲ.

ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ದಿನಾ ಕೆಲಸಕ್ಕೆ ಹೋಗಿ ಬಂದು ಸುಮ್ಮನೆ ಊಟ ಮಾಡಿ ಎದ್ದಳು. ಜಗಳವಾಡಿದ್ದರೆ ಟೈಲರಮ್ಮ ಗೆಲ್ಲುತ್ತಿದ್ದಳು. ಮೌನದ ಜೊತೆ ಎಷ್ಟು ದಿನ ಹೊಡೆದಾಡುವುದು? "ಆಯ್ತು, ಬಂದು ಹೋಗಲಿ. ಬಂದವರಿಗೆ ಟೀ ಕೊಡ್ತೀನಿ, ಮಾತು ಕೊಡಲ್ಲ" ಅಂದಳು.

ಭಾನುವಾರ ಅಪ್ಪ ಮಗ ಬಂದರು. ಹುಡುಗ ಕಡ್ಡಿಯ ಹಾಗೆ, ಅಪ್ಪ ಹಿಟ್ಟಿನ ಮೂಟೆಯ ಹಾಗೆ. ಬೇಕರಿಯವರ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಆ ಕೈಯಲ್ಲೇ ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ತೊಡೆಯ ಮೇಲೇ ಇಟ್ಟುಕೊಂಡು ಕೂತರು. ಗಂಡಸರು ಬಸ್ಸಿನ ಬಗ್ಗೆ, ಬಿಸಿಲಿನ ಬಗ್ಗೆ, ಮತ್ತೆ ಬಸ್ಸಿನ ಬಗ್ಗೆ ಮಾತಾಡಿದರು. ಟೈಲರಮ್ಮ ತುಟಿ ಪಿಟಕ್ಕೆನ್ನದೆ ಟೀ ಕೊಟ್ಟಳು. ಕೊಟ್ಟವಳು ಅಲ್ಲೇ ನಿಂತಳು. ಎಷ್ಟೋ ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು, ಹೊರಗೆ ಬಂದೇಬಿಟ್ಟಿತು.

"ಆಗ ನೀವು ಎಲ್ಲಿದ್ರಿ?"

ಯಾವಾಗ ಅಂತ ಯಾರೂ ಕೇಳಲಿಲ್ಲ. ಮಗಳು "ಅಮ್ಮಾ" ಅಂದಳು.

"ಕೇಳಲಿ ಬಿಡಮ್ಮ" ಅಂದರು ಬೇಕರಿಯವರು. "ಸೇತುವೆ ಹತ್ರ ಇದ್ದೆ."

"ನನ್ನ ಮೈದುನನೂ ಅಲ್ಲೇ ಇದ್ದ. ನೀವೇ ಹೊಡೆದ್ರಾ ಅವನನ್ನ?"

ಅವರು ಲೋಟ ಕೆಳಗಿಟ್ಟರು. "ಗೊತ್ತಿಲ್ಲಮ್ಮ. ಇಲ್ಲ ಅಂದ್ರೆ ಸುಳ್ಳಾಗಬಹುದು, ಹೌದು ಅಂದ್ರೂ ಸುಳ್ಳಾಗಬಹುದು. ಎಲ್ಲರೂ ಹೊಡೆದ್ವಿ. ಹೊಗೇಲಿ ಯಾರ ಗುಂಡು ಯಾರಿಗೆ ತಗುಲ್ತು ಅಂತ ಯಾರಿಗೆ ಗೊತ್ತು? ಅದನ್ನ ನಾನೂ ನನ್ನನ್ನೇ ಕೇಳ್ಕೊಂಡು ಸಾಕಾಗಿದೀನಿ."

ಆಗ ಬಡಗಿ, ತಲೆ ಎತ್ತದೆ, "ನಿಮ್ಮ ಮನೆಯವರು?" ಅಂತ ಕೇಳಿದ.

"ಇವನು ತೊಟ್ಟಿಲಲ್ಲಿದ್ದ. ನೀರು ತರೋಕೆ ಅಂತ ಬೀದಿಗೆ ಹೋದಳು. ಶೆಲ್ ಬಿತ್ತು."

ಬಡಗಿ ಈಗ ತಲೆ ಎತ್ತಿದ. "ನಾನು ಗುಡ್ಡದ ಮೇಲೆ ಫಿರಂಗಿ ಹತ್ರ ಇದ್ದೆ" ಅಂದ. "ನಾವು ಹಾರಿಸ್ತಿದ್ವಿ, ಎಲ್ಲಿ ಬೀಳ್ತಿತ್ತು ಅಂತ ಕಾಣ್ತಿರಲಿಲ್ಲ. ಕಾಣದೇ ಇದ್ದದ್ದೇ ಒಳ್ಳೇದಾಯ್ತು ಅಂದ್ಕೋತಿದ್ದೆ."

ಟೈಲರಮ್ಮ ಗಂಡನ ಕಡೆ ನೋಡಿದಳು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ಮನುಷ್ಯ. ಆಮೇಲೆ ಆ ಹುಡುಗನ ಕಡೆ ನೋಡಿದಳು. ತಾಯಿಯಿಲ್ಲದೆ ಬೆಳೆದವನು, ಕಾಲು ಜೋಡಿಸಿಕೊಂಡು, ಬೈದರೆ ಬೈಸಿಕೊಳ್ಳಲು ಸಿದ್ಧನಾಗಿ ಕೂತಿದ್ದ. ಬೇಕರಿಯವರು ಎದ್ದು ಹೋಗುತ್ತಾರೆ ಅಂತ ಅವಳಿಗೆ ಅನ್ನಿಸಿತು. ಅವರು ಏಳಲಿಲ್ಲ.

"ಗೊತ್ತಿದ್ದೇ ಬಂದೆ" ಅಂದರು. "ಈಚೆ ದಡದಲ್ಲಿ ನನ್ನ ವಯಸ್ಸಿನ ಯಾರ ಮನೆಗೆ ಹೋದ್ರೂ ಇದೇ ಕಥೆ ತಾನೇ?" ಆಮೇಲೆ ಅವಳ ಕಡೆ ತಿರುಗಿದರು. "ನಿಮ್ಮ ಮೈದುನ ನೋಡೋಕೆ ಹೇಗಿದ್ದ?"

ಅವಳು ಹೇಳಿದಳು. ಎತ್ತರ, ಸಪೂರ, ಮುಂದಿನ ಹಲ್ಲು ಚೂರು ಮುರಿದಿತ್ತು.

"ಹಾಗಿದ್ದವರು ಬಹಳ ಜನ ಇದ್ರು" ಅಂದರು ಬೇಕರಿಯವರು. "ಗುಂಡು ನಿಂತ ಮೇಲೆ ನಮ್ಮ ಕಡೆ ಬಿದ್ದವರನ್ನ ಎತ್ತೋ ಕೆಲಸಕ್ಕೆ ನನ್ನ ಹಾಕಿದ್ರು. ನಿಮ್ಮವರೂ ನಮ್ಮವರೂ ಕಲೆಸಿ ಹೋಗಿದ್ರು. ಒಬ್ಬ ಹುಡುಗನ್ನ ಮಾತ್ರ ಮರೆಯೋಕಾಗಲಿಲ್ಲ. ಸೈನ್ಯದ ಅಂಗಿ, ಗುಂಡಿಗಳನ್ನೆಲ್ಲ ಕೆಂಪು ದಾರದಲ್ಲಿ ಹೊಲಿದಿದ್ರು. ಇದ್ಯಾರಪ್ಪ ಯುದ್ಧಕ್ಕೆ ಬರೋವಾಗ ಕೆಂಪು ದಾರ ಹಾಕಿಕೊಟ್ಟವರು ಅಂದ್ಕೊಂಡೆ."

ಟೈಲರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನು ಹೊರಟ ಬೆಳಿಗ್ಗೆ ಗುಂಡಿಗಳೆಲ್ಲ ಜೋತಾಡುತ್ತಿದ್ದವು. ಲಾರಿ ಬೀದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ಸೂಜಿಯಲ್ಲಿದ್ದ ದಾರ ಬದಲಿಸಲು ಹೊತ್ತಿರಲಿಲ್ಲ. "ಅತ್ತಿಗೆ, ಮದುಮಗನ ಹಾಗೆ ಕಳಿಸ್ತಿದೀಯಲ್ಲ!" ಅಂತ ನಕ್ಕಿದ್ದ.

"ನಾನೇ" ಅಂದಳು. "ನಾನೇ ಹೊಲಿದದ್ದು."

ಆಮೇಲೆ ಕೇಳಿದಳು, "ನರಳಿದ್ನಾ?"

"ಇಲ್ಲಮ್ಮ. ಬೇರೆಯವರ ಬಗ್ಗೆ ಕೇಳಬೇಡಿ, ಹೇಳಲಾರೆ. ಇವನು ಮಾತ್ರ ಇನ್ನೊಂದು ಉಸಿರು ಎಳ್ಕೊಂಡಿಲ್ಲ. ಗುಂಡು ಎದೆಗೇ ತಗುಲಿತ್ತು. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಹೇಳ್ತಿರೋದಲ್ಲ. ಈ ಕೈಯಲ್ಲೇ ಎತ್ತಿದೀನಿ."

"ಎಲ್ಲಿ ಇಟ್ರಿ?"

"ಬನ್ನಿ, ತೋರಿಸ್ತೀನಿ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಉಳಿದವರು ಹಿಂದೆ ಓಡಿ ಬರಬೇಕಾಯಿತು. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಒಬ್ಬಾತ ಕಂಬಿಗೆ ಒರಗಿ ಗಾಳ ಹಾಕಿದ್ದ, ಇಬ್ಬರು ಹೆಂಗಸರು ಚೀಲ ಕೆಳಗಿಟ್ಟು ಯಾವಳದೋ ಸೊಸೆಯನ್ನು ಆಡಿಕೊಳ್ಳುತ್ತಿದ್ದರು. ಇಷ್ಟೇನಾ ಸೇತುವೆ ಅಂದರೆ, ಅನ್ನಿಸಿತು ಅವಳಿಗೆ.

ಆಚೆ ದಡದಲ್ಲಿ ಹಳೆಯ ಪಂಪುಮನೆ. ಅದರ ಹಿಂದೆ ಜನ ತುಂಡುತುಂಡಾಗಿ ನೆಲ ಹಂಚಿಕೊಂಡು ಈರುಳ್ಳಿ, ಸೊಪ್ಪು ಬೆಳೆದಿದ್ದರು. ಗೋಡೆಯ ಪಕ್ಕದ ಒಂದು ಪಟ್ಟಿಯಲ್ಲಿ ಮಾತ್ರ ಬರೀ ಹುಲ್ಲು. ಸಲಿಕೆ ಹಿಡಿದಿದ್ದ ಮುದುಕಿಯೊಬ್ಬಳು ಇವರನ್ನು ನೋಡಿ ಕೂಗಿದಳು. "ಅಲ್ಲಿ ನೆಲ ಕೇಳೋಕೆ ಬಂದ್ರಾ? ಈ ಬೇಕರಿ ಮನುಷ್ಯ ಒಂದು ಗುದ್ದಲಿ ಬೀಳೋಕೆ ಬಿಡಲ್ಲ. ಪುರಸಭೆಯವರು ಷೆಡ್ಡು ಕಟ್ತೀವಿ ಅಂದಾಗ ಅಡ್ಡ ಮಲಗಿಬಿಟ್ಟ. ಹುಲ್ಲಿನ ಹುಚ್ಚ!"

"ಇಲ್ಲಿ ಹೂತಿರೋದನ್ನ ಹೇಳಿದ್ರೆ ನಮ್ಮವರಿಗೆ ಕಲ್ಲು ನೆಟ್ಟು ನಿಮ್ಮವರನ್ನ ಅಗೆದು ಎಸೀತಿದ್ರೇನೋ ಅಂತ ಹೆದರಿದ್ದೆ" ಅಂದರು ಬೇಕರಿಯವರು ಮೆಲ್ಲಗೆ. "ಒಟ್ಟಿಗೇ ಇಟ್ಟಿದ್ವಿ. ನಿಮ್ಮ ಹುಡುಗ ಈ ತುದಿಯಲ್ಲಿ."

ಟೈಲರಮ್ಮ ಹುಲ್ಲಿನ ಮೇಲೆ ಕೂತಳು. ಮೊದಲು ಕೈಯಿಂದ ನೆಲ ಸವರಿದಳು, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ. ಆಮೇಲೆ ಅತ್ತಳು. ಮಗಳು ಹತ್ತಿರ ಬಂದರೆ ಬೇಡ ಅಂತ ಕೈಯಾಡಿಸಿದಳು. ಮಗಳು ಹುಟ್ಟುವ ಮೊದಲಿನಿಂದ ತಡೆದಿಟ್ಟ ಅಳು, ಅಡ್ಡ ಬಂದರೆ ಹೇಗೆ? ಬಡಗಿ ಟೋಪಿ ತೆಗೆದು ತಮ್ಮನ ತಲೆಯ ಕಡೆ ನಿಂತ. ಅವನ ಹೆಗಲೂ ಅಲ್ಲಾಡುತ್ತಿತ್ತು. ಬೇಕರಿಯವರು ಅವನ ಪಕ್ಕ ಹೋಗಿ, ಆ ಮೂರು ಬೆರಳಿನ ಕೈಯನ್ನು ಅವನ ಬೆನ್ನ ಮೇಲಿಟ್ಟರು.

ಅತ್ತು ಮುಗಿದಾಗ ಅವಳಿಗೆ ಹಸಿವಾಗಿತ್ತು. ಇದು ನಾಚಿಕೆಯ ವಿಷಯವೋ ಏನೋ, ಆದರೆ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಬೇಕರಿಯವರು ಪೊಟ್ಟಣವನ್ನು ಅಲ್ಲಿಯವರೆಗೂ ಕಂಕುಳಲ್ಲಿ ಇರುಕಿಕೊಂಡೇ ಬಂದಿದ್ದರು. ಅಲ್ಲೇ ಕೂತು ಬ್ರೆಡ್ಡು ಮುರಿದು ತಿಂದರು. ಈರುಳ್ಳಿ ಮುದುಕಿಗೂ ಒಂದು ಚೂರು ಸಿಕ್ಕಿತು.

"ದಡ ದಾಟಿಸಿ ತಗೊಂಡು ಹೋಗ್ತೀರಾ ಅವನನ್ನ?" ಅಂತ ಕೇಳಿದರು ಬೇಕರಿಯವರು. "ನಾನೇ ಓಡಾಡಿ ಅನುಮತಿ ತರ್ತೀನಿ."

ಅವಳು ಯೋಚಿಸಿದಳು. "ಬೇಡ. ಇಲ್ಲಿ ಜೊತೆಗಾರರಿದ್ದಾರೆ. ನಾವೇ ಬಂದು ಹೋಗ್ತೀವಿ."

ಆ ರಾತ್ರಿ ಅವಳು ಹಾಸಿಗೆಗೆ ಬಿದ್ದವಳು ಬೆಳಕು ಹರಿದ ಮೇಲೇ ಎದ್ದಳು. ಎಷ್ಟೋ ವರ್ಷದ ಮೇಲೆ, ಬೀದಿಯಲ್ಲಿ ಯಾರೋ ಓಡಿದ ಸದ್ದಿಗೆ ಎಚ್ಚರವಾಗಿರಲಿಲ್ಲ.

ಮುಂದಿನ ವಾರ ಬೇಕರಿಯವರು ಅಳತೆ ಕೊಡಲು ಬಂದರು. ಮದುವೆಗೆ ಬೀಗರ ಕೋಟು ತಾನೇ ಹೊಲಿಯುತ್ತೇನೆ ಅಂತ ಅವಳು ಹಟ ಹಿಡಿದಿದ್ದಳು. ಟೇಪು ಹೊಟ್ಟೆಯ ಸುತ್ತ ಬಂದಾಗ ಅವರು ಉಸಿರು ಬಿಗಿಹಿಡಿದು ನಿಂತರು.

"ಉಸಿರು ಬಿಡಿ ಬೀಗರೇ" ಅಂದಳು ಟೈಲರಮ್ಮ. "ಮದುವೆ ದಿನ ಊಟಕ್ಕೆ ಕೂತಾಗ ಗುಂಡಿ ಕಿತ್ತು ಬಂದ್ರೆ ಹೆಸರು ಕೆಡೋದು ನನ್ನದು."

ಹಿತ್ತಲಿನಿಂದ ಗಂಡನ ನಗು ಕೇಳಿಸಿತು. ಬೇಕರಿಯವರು ಉಸ್ಸೆಂದು ಉಸಿರು ಬಿಟ್ಟರು.